ಹಸುವನ್ನು ಬೈಯುವ ಮೊದಲು ಹೋರಿಯ ಲೆಕ್ಕ ಕೇಳಿ

ನಮ್ಮ ಮಂಡ್ಯ ಸೀಮೆಯಲ್ಲಿ ಬೆದೆಗೆ ಬಂದ ಹಸುವಿಗೆ ಸೂಜಿ ಹಾಕಿಸಿದ ಮೇಲೂ ಗಬ್ಬ ನಿಲ್ಲದಿದ್ದರೆ ಮೊದಲು ಬೈಸಿಕೊಳ್ಳುವುದು ಹಸು. ಆಮೇಲೆ ಸೂಜಿ ಹಾಕಿದ ನಾನು. ಆಮೇಲೆ ಹೊತ್ತಿಗೆ ಸರಿಯಾಗಿ ಫೋನ್ ಮಾಡದ ಮನೆ ಹೆಂಗಸು. ಹೋರಿಯ ಸುದ್ದಿ ಎತ್ತುವವರೇ ಇಲ್ಲ. ಅದು ಎಲ್ಲೋ ದೂರದ ವೀರ್ಯ ಕೇಂದ್ರದಲ್ಲಿರುತ್ತದೆ. ಹಳ್ಳಿಯ ಪಾಲಿಗೆ ಅದೊಂದು ನಂಬರು, ಅಷ್ಟೇ.

ಆ ನಂಬರು ಇರುವುದು ಕಾಲು ಎಂ.ಎಲ್. ವೀರ್ಯ ತುಂಬಿದ ಸ್ಟ್ರಾ ಮೇಲೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ಅದನ್ನು ಇಕ್ಕಳದಲ್ಲಿ ಎತ್ತಿ, 37 ಡಿಗ್ರಿಯ ನೀರಿನಲ್ಲಿ ಅರ್ಧ ನಿಮಿಷ ಬಿಟ್ಟು, ಒರೆಸಿ, ತುದಿ ಕತ್ತರಿಸಿ ಗನ್ನಿಗೆ ಸೇರಿಸುವಷ್ಟರಲ್ಲಿ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿಬಿಡಬೇಕು: ತಳಿ, ಹೋರಿಯ ಸಂಖ್ಯೆ, ಕೇಂದ್ರ, ವೀರ್ಯ ಸಂಗ್ರಹಿಸಿದ ದಿನಾಂಕ. ಕೊನೆಯ ದಿನಾಂಕವನ್ನು ನಾನು ಕಣ್ಣು ಕಿರಿದು ಮಾಡಿಯಾದರೂ ಓದುತ್ತೇನೆ. ಹೋರಿಯ ಮೈಯಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು, ಮಾಗಿ ಹೊರಬರಲು ಇನ್ನೂ ಹತ್ತು ದಿನದ ಆಸುಪಾಸು. ಏಪ್ರಿಲ್‌ನಲ್ಲಿ ಹೋರಿ ಬಿಸಿಲಿಗೆ ಬಸವಳಿದರೆ ಅದರ ಫಲ ಮೇ, ಜೂನ್ ಸ್ಟ್ರಾಗಳಲ್ಲಿ ಕೂತಿರುತ್ತದೆ. ಆ ಸ್ಟ್ರಾ ನಮ್ಮೂರಿನ ಕೊಟ್ಟಿಗೆ ತಲುಪುವುದು ಮುಂದಿನ ಮಳೆಗಾಲಕ್ಕೋ, ಅದರಾಚೆಯ ವರ್ಷಕ್ಕೋ. ಆಗ ಏಪ್ರಿಲ್ ಬಿಸಿಲು ಯಾರಿಗೆ ನೆನಪಿರುತ್ತದೆ?

ಕೇಂದ್ರಗಳಲ್ಲಿ ಪರೀಕ್ಷೆ ಇಲ್ಲವೆಂದಲ್ಲ. ಹೆಪ್ಪುಗಟ್ಟಿಸಿ ಕರಗಿಸಿದ ಮೇಲೆ ಕನಿಷ್ಠ ಅರ್ಧದಷ್ಟು ವೀರ್ಯಾಣು ಚುರುಕಾಗಿ ಚಲಿಸುತ್ತಿರಬೇಕು, ಒಂದು ಸ್ಟ್ರಾದಲ್ಲಿ ಎರಡು ಕೋಟಿ ವೀರ್ಯಾಣು ಇರಬೇಕು. ಆದರೆ ಸೂಕ್ಷ್ಮದರ್ಶಕ ಹೇಳುವುದು ವೀರ್ಯಾಣು ಓಡುತ್ತದೋ ಇಲ್ಲವೋ ಎಂಬುದನ್ನು ಮಾತ್ರ. ಅದು ಹೊತ್ತು ತಂದ ಸರಕು ನೆಟ್ಟಗಿದೆಯೇ ಎಂಬುದು ಬೇರೆ ಪ್ರಶ್ನೆ.

ಎಪಿಜೆನೆಟಿಕ್ಸ್ ಎಂಬ ವಿಜ್ಞಾನ ಕೆದಕುತ್ತಿರುವುದು ಇದನ್ನೇ. ವಂಶವಾಹಿಯ ಅಕ್ಷರ ಬದಲಾಗದಿದ್ದರೂ ಡಿಎನ್‌ಎ ಮೇಲೆ ಅಲ್ಲಲ್ಲಿ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಅಂಟಿಕೊಂಡಿರುತ್ತದೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದರಲ್ಲಿ ಅದರ ಕೈವಾಡವಿದೆ. ಜೊತೆಗೆ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವ ಪ್ರೋಟಮಿನ್ ಪ್ರೋಟೀನು, ಒಂದಿಷ್ಟು ಪುಟ್ಟ ಆರ್‌ಎನ್‌ಎ ತುಣುಕುಗಳು. ವೃಷಣ ಕಾದರೆ ಆ ಸುತ್ತುವಿಕೆ ಸಡಿಲವಾಗುತ್ತದೆ. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದವರು ಪ್ರಾಯಕ್ಕೆ ಬರುವ ಹಂತದ ಹೋರಿಗಳನ್ನು ನೋಡಿದಾಗ ವಯಸ್ಸಿನ ಜೊತೆ ಮೀಥೈಲ್ ಗುರುತುಗಳೂ ಬದಲಾಗುತ್ತಿದ್ದವು. ಫ್ರಾನ್ಸಿನಲ್ಲಿ ಮೋಂಬೆಲಿಯಾರ್ ತಳಿಯ 120 ಹೋರಿಗಳ ವೀರ್ಯದ ಗುರುತುಗಳನ್ನು ಓದಿ, ಯಾವುದರಿಂದ ಗಬ್ಬ ಚೆನ್ನಾಗಿ ನಿಲ್ಲುತ್ತದೆ ಎಂದು ಊಹಿಸಲು ನೋಡಿದರು. ಊಹೆ ಬಹುಪಾಲು ಸರಿಹೋಯಿತು, ಎಲ್ಲ ಹೋರಿಗಳಲ್ಲೂ ಅಲ್ಲ.

ಕೊಟ್ಟಿಗೆಯಲ್ಲಿ ಸರಕಿನ ಈ ಐಬು ಕಾಣುವ ಬಗೆಯೇ ಬೇರೆ. ಗಬ್ಬ ನಿಲ್ಲದ ಹಸು 21 ದಿನಕ್ಕೆ ತಿರುಗಿ ಬೆದೆಗೆ ಬರಬೇಕು. ಕೆಲವು ಬರುವುದಿಲ್ಲ, ಮನೆಯವರು ನಿಂತಿತು ಎಂದುಕೊಳ್ಳುತ್ತಾರೆ, ತಿಂಗಳು ಕಳೆದ ಮೇಲೆ ಮತ್ತೆ ಲೋಳೆ ಸುರಿಯುತ್ತದೆ. ಹಲವು ಸಲ ಇದರರ್ಥ ಭ್ರೂಣ ಕಟ್ಟಿ ಆಮೇಲೆ ಸತ್ತಿದೆ ಎಂದು. ಅದಕ್ಕೆ ಹಸುವಿನ ಕಡೆಯ ಕಾರಣಗಳು ಹತ್ತಾರಿವೆ, ಒಪ್ಪಿದೆ. ಹೋರಿಯ ಕಡೆಯಿಂದಲೂ ಕಾರಣವಿರಬಹುದು ಎಂಬುದು ನಮ್ಮ ಮಾತಿನಲ್ಲೇ ಬರುವುದಿಲ್ಲ. ‘ಮೂರ್ ದಪ ಹಾಕ್ಸಿದ್ರೂ ನಿಲ್ನಿಲ್ವಲ್ಲಾ ಡಾಕ್ಟ್ರೇ, ನಮ್ ಹಸಿನಲ್ಲೇ ಏನೋ ಐಬು ಅದೆ’ ಎಂದು ಒಬ್ಬ ಅಕ್ಕ ಮೊನ್ನೆ ಹೇಳಿದರು. ಮೂರು ದಪವೂ ಹಾಕಿದ್ದು ಒಂದೇ ಹೋರಿಯದು. ನಾನು ನಾಲ್ಕನೆಯದಕ್ಕೆ ಹೋರಿ ಬದಲಿಸಿದೆ. ನಿಂತರೂ ಅದರಿಂದ ಏನೂ ಸಾಬೀತಾಗುವುದಿಲ್ಲ, ಒಂದು ಹಸುವಿನ ಲೆಕ್ಕ ಲೆಕ್ಕವಲ್ಲ.

ಆದ್ದರಿಂದಲೇ ನನ್ನ ಬೇಡಿಕೆ ಲೆಕ್ಕದ ಬಗ್ಗೆ. ಪ್ರತಿ ಹಸುವಿನ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದೆ. ಸೂಜಿ ಹಾಕಿದ ದಿನ, ಹೋರಿಯ ಸಂಖ್ಯೆ, ಗಬ್ಬ ಪರೀಕ್ಷೆ, ಕರು ಹಾಕಿದ್ದು, ಎಲ್ಲವನ್ನೂ ಭಾರತ್ ಪಶುಧನ್ ಆ್ಯಪ್‌ಗೆ ತುಂಬಬೇಕೆಂದು ನಮಗೆ ಆದೇಶವಿದೆ, ನೆಟ್‌ವರ್ಕ್ ಸಿಗದ ಹಟ್ಟಿಯಲ್ಲಿ ಫೋನನ್ನು ತಲೆಯ ಮೇಲೆ ಹಿಡಿದು ತುಂಬುತ್ತಲೂ ಇದ್ದೇವೆ. ಇಷ್ಟು ತುಂಬಿಸಿಕೊಂಡವರು, ಯಾವ ಹೋರಿಯ ಯಾವ ತಿಂಗಳ ಸ್ಟ್ರಾದಿಂದ ನೂರಕ್ಕೆ ಎಷ್ಟು ನಿಂತಿತು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಹಾಕಿ ಡೈರಿಯ ಗೋಡೆಗೆ ಅಂಟಿಸಲಿ. ಅಮೆರಿಕದಲ್ಲಿ ಹೋರಿವಾರು ಗರ್ಭ ಕಟ್ಟುವ ಪ್ರಮಾಣವನ್ನು ಕೃಷಿ ಇಲಾಖೆ 2008ರಲ್ಲೇ ಪ್ರಕಟಿಸಲು ಶುರುಮಾಡಿತು. ನಮ್ಮಲ್ಲಿ ಹೋರಿಯ ತಾಯಿ ಎಷ್ಟು ಲೀಟರ್ ಕರೆದಳು ಎಂದು ಹೊಗಳುವುದಕ್ಕೇ ಮಾತು ಮುಗಿಯುತ್ತದೆ.

ಕರುವಿನ ಮೇಲಾಗುವ ಪರಿಣಾಮದ ಬಗ್ಗೆ ನಾನು ಗಂಟಲು ಹರಿದುಕೊಳ್ಳುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟಗರುಗಳ ಮೇವಿಗೆ ಮೆಥಿಯೋನಿನ್ ಸೇರಿಸಿದಾಗ ಮರಿಗಳ ಡಿಎನ್‌ಎ ಗುರುತಿನಲ್ಲೂ ವ್ಯತ್ಯಾಸ ಕಂಡಿತು. ದನಗಳಲ್ಲಿ ಅಷ್ಟು ಗಟ್ಟಿಯಾಗಿ ಹೇಳುವ ಕಾಲ ಬಂದಿಲ್ಲ. ಗರ್ಭ ಕಟ್ಟಿದ ಕೂಡಲೇ ಅಪ್ಪನ ಕಡೆಯ ಗುರುತುಗಳಲ್ಲಿ ಹೆಚ್ಚಿನವು ಅಳಿಸಿಹೋಗುತ್ತವೆ. ನಾಳೆ ಯಾರಾದರೂ ‘ಎಪಿಜೆನೆಟಿಕ್ ಗ್ಯಾರಂಟಿ ಸ್ಟ್ರಾ’ ಎಂದು ದುಪ್ಪಟ್ಟು ಬೆಲೆಗೆ ಮಾರಲು ಬಂದರೆ ನಾನಂತೂ ಕೊಳ್ಳುವುದಿಲ್ಲ.

ಬೇಕಾಗಿರುವುದು ಅದಕ್ಕಿಂತ ಸಣ್ಣದು. ಬೇಸಿಗೆಯಲ್ಲಿ ಹೋರಿಗೆ ನೆರಳು, ಫ್ಯಾನು, ನೀರಿನ ತುಂತುರು ಸಿಗುತ್ತಿದೆಯೇ ಎಂದು ಹೊರಗಿನವರೂ ನೋಡುವಂತಿರಲಿ. ಬಸವಳಿದ ಹೋರಿಯ ವೀರ್ಯವನ್ನು ಆ ಎರಡು ತಿಂಗಳು ಸ್ಟ್ರಾಗೆ ತುಂಬದಿರಲಿ. ಕೇಂದ್ರಕ್ಕೆ ಗುರಿ ಮುಟ್ಟದಿದ್ದರೆ ಮುಟ್ಟದಿರಲಿ. ಖಾಲಿ ಹೋದ ಪ್ರತಿ ಬೆದೆಗೂ ಮೂರು ವಾರದ ಬೂಸ, ಹಿಂಡಿಯ ದುಡ್ಡು ಕೊಡುವವರು ಹಸು ಕಟ್ಟಿದವರು. ಡೈರಿಯ ವಾರ್ಷಿಕ ಸಭೆಯಲ್ಲಿ ಬೋನಸ್ಸಿನ ಮಾತು ಮುಗಿದ ಮೇಲೆ ಆ ಪಟ್ಟಿ ಎಲ್ಲಿ ಎಂದು ಅವರೇ ಎದ್ದು ಕೇಳಲಿ. ತುಂಬಿದ ನಂಬರುಗಳನ್ನು ತೋರಿಸಲು ನಾವಿದ್ದೇವೆ.