ಮಾತು ನುಂಗುವ ಹಿನ್ನೆಲೆ ಸಂಗೀತ



ಟಿವಿ ಧಾರಾವಾಹಿಗಳಲ್ಲಿ ಪಾತ್ರಗಳ ಮಾತು ಕೇಳಿಸದಷ್ಟು ಹಿನ್ನೆಲೆ ಸಂಗೀತ ತುಂಬುತ್ತಿರುವ ಬಗ್ಗೆ ಈ ಪತ್ರ.

ನಮ್ಮ ಅಮ್ಮನಿಗೆ 81 ವರ್ಷ. ಸಂಜೆ ದೇವರಿಗೆ ದೀಪ ಹಚ್ಚಿ, ಕಿವಿಗೆ ಮೆಷಿನ್ ಹಾಕಿಕೊಂಡು ಟಿವಿ ಮುಂದೆ ಕೂರುತ್ತಾರೆ. ಮೊನ್ನೆ, ಮನೆಬಿಟ್ಟು ಹೋಗಿದ್ದ ಮಗಳು ತಿರುಗಿ ಬಂದು ಅಪ್ಪನ ಕಾಲ ಬಳಿ ಕೂರುವ ದೃಶ್ಯ. ಅವಳೇನು ಹೇಳುತ್ತಾಳೆಂದು ಅಮ್ಮ ಒಂದು ವಾರದಿಂದ ಕಾದಿದ್ದರು. ಅವಳು ಬಾಯಿ ತೆರೆದದ್ದೇ ತಡ, ಪಿಟೀಲು, ಆಲಾಪ, ಡ್ರಮ್ ಎಲ್ಲ ಒಟ್ಟಿಗೆ ಶುರು. "ಎಂತ ಅಂದ್ಲೇ ಅವಳು?" ಎಂದು ಅಮ್ಮ ಕೇಳಿದರು. ಕಿವಿ ಚೆನ್ನಾಗಿಯೇ ಇರುವ ನನಗೂ ಗೊತ್ತಾಗಿರಲಿಲ್ಲ. ಸೌಂಡ್ ಜಾಸ್ತಿ ಮಾಡಿದರೆ ಮಾತಿನ ಜೊತೆ ಡ್ರಮ್ಮೂ ಜಾಸ್ತಿಯಾಯಿತು. ಅಮ್ಮ ಮೆಷಿನ್ ತೆಗೆದು ಮಡಿಲಲ್ಲಿಟ್ಟುಕೊಂಡು ಬರೀ ಚಿತ್ರ ನೋಡಿದರು.

ನಾನು ಸಂಗೀತ ಬೇಡ ಎನ್ನುವವಳಲ್ಲ. ನಮ್ಮ ತಾಲ್ಲೂಕಿನ ಆಗುಂಬೆಯಲ್ಲೇ ಶಂಕರ್ ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ಚಿತ್ರೀಕರಿಸಿದರು. ಅದಕ್ಕೆ ಎಲ್. ವೈದ್ಯನಾಥನ್ ಕೊಟ್ಟ ರಾಗ ಸುಮಾರು ನಲವತ್ತು ವರ್ಷವಾದರೂ ನಮ್ಮ ಬಾಯಲ್ಲಿದೆ. 1987ರ 'ಪುಷ್ಪಕ ವಿಮಾನ'ಕ್ಕೂ ಅವರದೇ ಸಂಗೀತ. ಸಂಭಾಷಣೆಯೇ ಇಲ್ಲದ ಆ ಚಿತ್ರದಲ್ಲೂ ಬೀದಿಯ ಸದ್ದಿಗೆ, ಹೋಟೆಲಿನ ಸದ್ದಿಗೆ ಜಾಗವಿತ್ತು. ಮಾತೇ ಇಲ್ಲದ ಕಡೆ ಸಂಗೀತ ಅಷ್ಟು ಸಂಯಮದಿಂದ ಇರಬಹುದಾದರೆ, ಮಾತಿರುವ ಕಡೆ ಇಷ್ಟು ಅಬ್ಬರ ಏಕೆ?

ದಿನಕ್ಕೊಂದು ಕಂತು ಒಪ್ಪಿಸುವ ಧಾವಂತ ಅರ್ಥವಾಗುತ್ತದೆ. ಆದರೆ ಸೊಸೆಯ ಕೈಯಿಂದ ಲೋಟ ಬಿದ್ದರೂ, ಮನೆಯಲ್ಲಿ ಸಾವಾದರೂ ಅದೇ 'ಢಂ ಢಂ' ಹಾಕುವುದನ್ನು ಧಾವಂತದ ಹೆಸರಲ್ಲಿ ಒಪ್ಪಲಾಗದು. ಇಲ್ಲಿ ಅಳಿ, ಇಲ್ಲಿ ಹೆದರಿ ಎಂದು ನೋಡುವವರಿಗೆ ಹೇಳಿಕೊಡಬೇಕಿಲ್ಲ. ಕಣ್ಣೀರು ನುಂಗಿಕೊಂಡು ನಟಿಯೊಬ್ಬಳು ತಡೆದು ತಡೆದು ಆಡುವ ಮಾತಿನಲ್ಲೇ ದುಃಖ ಇರುತ್ತದೆ. ಅದನ್ನು ಮುಚ್ಚಿದರೆ ಅವಳ ಶ್ರಮವೂ ಹೋಯಿತು, ಸಂಭಾಷಣೆ ಬರೆದವರ ಶ್ರಮವೂ ಹೋಯಿತು.

ಜಾಹೀರಾತಿನ ಸದ್ದು ಅತಿಯಾಗಬಾರದೆಂದು 1994ರ ಕೇಬಲ್ ಟೆಲಿವಿಷನ್ ನಿಯಮಗಳೇ ಹೇಳುತ್ತವೆ. ಆ ಕಾಳಜಿ ಧಾರಾವಾಹಿಗೂ ಬರಲಿ. ಪಾತ್ರ ಮಾತಾಡುವಾಗ ಸಂಗೀತ ತಗ್ಗಲಿ. ಮಾತು ಮುಗಿದ ಮೇಲೆ ಎರಡು ಕ್ಷಣ ಮೌನ ಉಳಿಯಲಿ. ಕಂತು ಪ್ರಸಾರಕ್ಕೆ ಹೋಗುವ ಮುನ್ನ ವಾಹಿನಿಯವರು ಅದನ್ನು ಸ್ಟುಡಿಯೋದ ಸ್ಪೀಕರಿನಲ್ಲಿ ಮಾತ್ರವಲ್ಲ, ಮನೆಯ ಮಾಮೂಲಿ ಟಿವಿಯಲ್ಲೂ ಹಾಕಿ, ವಯಸ್ಸಾದವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಲಿ. ಅವರು "ಎಂತ ಅಂದ್ಲು?" ಎಂದು ಕೇಳಿದ ಕಡೆಯೆಲ್ಲ ಸಂಗೀತ ಇಳಿಸಿದರೆ ಸಾಕು.

— ನಿಮ್ಮ ಓದುಗರೊಬ್ಬರು, ತೀರ್ಥಹಳ್ಳಿ