ಬಟ್ಟೆ ತಿರುಗಿಸಿ ನೋಡಿ

ಕೈಕೆಲಸದ ವಸ್ತುಗಳನ್ನು ನೋಡುವಾಗ ನಾವು ಮೇಲ್ಭಾಗವನ್ನಷ್ಟೇ ನೋಡುತ್ತೇವೆ. ಬಣ್ಣ ಚೆನ್ನಾಗಿದೆ, ಹೂವು ಚೆನ್ನಾಗಿದೆ ಎಂದು ಹೇಳಿ ಮುಂದೆ ಹೋಗುತ್ತೇವೆ. ಆದರೆ ಕೆಲಸದ ಗುಣ ತಿಳಿಯುವುದು ದಾರ ಶುರುವಾದ ಜಾಗದಲ್ಲಿ ಮತ್ತು ಮುಗಿದ ಜಾಗದಲ್ಲಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಉತ್ತರ ಕರ್ನಾಟಕದ ಕಸೂತಿಯನ್ನೇ ತೆಗೆದುಕೊಳ್ಳಿ. ಇಳಕಲ್ ಸೀರೆಗಳ ಮೇಲೆ ಕಾಣುವ ಈ ಕಲೆಗೆ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿದೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ಇದರಲ್ಲಿ 4 ಬಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ ಎಳೆ ಎಣಿಸಿ ಹೊಲಿಯುತ್ತಾರೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿ ಜಾಗ ಬಿಟ್ಟು ಬಿಟ್ಟು ಹೋಗುತ್ತದೆ, ಅದೇ ದಾರಿಯಲ್ಲಿ ಹಿಂದೆ ಬರುತ್ತ ಬಿಟ್ಟ ಜಾಗ ತುಂಬುತ್ತದೆ. ಎರಡೂ ಮಗ್ಗುಲು ಒಂದೇ ತರಹ ಕಾಣುತ್ತವೆ. ವಾಪಸು ಬರುವ ದಾರಿಯನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ಯುರೋಪಿನ ಬಾಬಿನ್ ಲೇಸ್‌ನಲ್ಲೂ ಹೀಗೆಯೇ. ದಿಂಬಿನ ಮೇಲೆ ಗುಂಡುಸೂಜಿ ಚುಚ್ಚಿ, ಸಣ್ಣ ಕಡ್ಡಿಗಳಿಗೆ ಸುತ್ತಿದ ದಾರಗಳನ್ನು ಜೋಡಿ ಜೋಡಿಯಾಗಿ ಹೆಣೆಯುತ್ತಾರೆ. ಸ್ಲೊವೇನಿಯಾದ ಈ ಕಲೆ 2018ರಲ್ಲಿ ಯುನೆಸ್ಕೋದ ಪಾರಂಪರಿಕ ಕಲೆಗಳ ಪಟ್ಟಿ ಸೇರಿತು. ಕರವಸ್ತ್ರದ ಸುತ್ತ ಅಂಚು ಹೆಣೆದು ಮೊದಲಿನ ಜಾಗಕ್ಕೆ ಬಂದಾಗ, ಕೊನೆಯ ದಾರಗಳನ್ನು ಆರಂಭದ ಕುಣಿಕೆಗಳೊಳಗೆ ಎಳೆದು ಕಟ್ಟುತ್ತಾರೆ. ಅಂದರೆ ಶುರು ಮಾಡುವಾಗಲೇ ಮುಗಿಸುವುದು ಗೊತ್ತಿರಬೇಕು.

ಈಗ ನಮ್ಮ ಮಲ್ಲಟಕ್ಕೆ ಬರೋಣ. ಅಮ್ಮಿ ಮನೆಯಲ್ಲಿ ಕ್ರೋಶ ಕಡ್ಡಿಯಿಂದ ಸೀರೆಗೆ ಕುಚ್ಚು ಹೆಣೆಯುತ್ತಾರೆ. ಹೆಣಿಗೆ ಮುಗಿದ ಮೇಲೂ ಕೆಲಸ ಮುಗಿಯುವುದಿಲ್ಲ. ಉಳಿದ ದಾರದ ತುದಿಗಳನ್ನು ಒಂದೊಂದಾಗಿ ಹೆಣಿಗೆಯೊಳಗೆ ಸೇರಿಸಬೇಕು. ನಮ್ಮ ಮನೆಮಾತಿನಲ್ಲಿ ಇದಕ್ಕೆ ಸಫಾಯಿ ಎನ್ನುತ್ತೇವೆ. ‘ಹಿಂದೆ ಯಾರು ನೋಡುತ್ತಾರೆ?’ ಎಂದು ಕೇಳುವವರಿದ್ದಾರೆ. ಯಾರೂ ನೋಡದಿರಬಹುದು, ಆದರೆ ನೀರು ಬಿಡುವುದಿಲ್ಲ. ತುದಿ ಭದ್ರವಾಗಿರದಿದ್ದರೆ ನಾಲ್ಕು ಸಲ ಒಗೆಯುವಷ್ಟರಲ್ಲಿ ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಸೀರೆ ತಂದು ಕೊಡುವವರು ಮಾತ್ರ ಕುಚ್ಚು ಎಣಿಸಿ ದುಡ್ಡು ಕೊಡುತ್ತಾರೆ. ಸಫಾಯಿಯ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ವಾಣಿಜ್ಯ ವಿಭಾಗದವರಿಗೆ ಇದು ಸುಲಭದ ಲೆಕ್ಕ. ಹೆಣೆಯಲು 4 ಗಂಟೆ, ಮುಗಿಸಲು 1 ಗಂಟೆ, ಕೂಲಿ 200 ರೂಪಾಯಿ ಎಂದುಕೊಳ್ಳಿ. ಗಂಟೆಗೆ 50 ರೂಪಾಯಿ ಎಂದು ಕೊಡುವವರು ತಿಳಿಯುತ್ತಾರೆ. ನಿಜದಲ್ಲಿ ಸಿಗುವುದು 40. ಮುಗಿಸದ ಮಾಲನ್ನು ನಾವು ಅರೆಸಿದ್ಧ ಸರಕು ಎಂದು ಬರೆಯುತ್ತೇವೆ, ಸಿದ್ಧ ಸರಕಿನ ಬೆಲೆ ಅದಕ್ಕೆ ಹಾಕುವುದಿಲ್ಲ. ಹಾಗಾದರೆ ಅದನ್ನು ಸಿದ್ಧ ಮಾಡಿದ ಆ ಒಂದು ಗಂಟೆ ಪುಕ್ಕಟೆ ಹೇಗಾಯಿತು?

ನಮ್ಮ ಕಾಲೇಜಿನಲ್ಲಿ ಕೈಕೆಲಸದ ಪ್ರದರ್ಶನ ಇಟ್ಟಾಗ ಎರಡು ನಿಯಮ ಇರಲಿ ಎಂದು ಕೇಳುತ್ತೇನೆ. ಬಟ್ಟೆಯ ಹಿಂಭಾಗಕ್ಕೂ ಅಂಕ ಕೊಡಲಿ. ಬೆಲೆಚೀಟಿಯ ಮೇಲೆ ಹೆಣೆದ ಹೊತ್ತಿನ ಜೊತೆ ಮುಗಿಸಿದ ಹೊತ್ತನ್ನೂ ಬರೆಯಲಿ. ಓದುಗರಿಗೂ ಒಂದು ವಿನಂತಿ. ನಿಮ್ಮ ಮನೆಯ ಸೀರೆಗೆ ಕುಚ್ಚು ಹಾಕಿಸಿದಾಗ ತಿರುಗಿಸಿ ನೋಡಿ. ತುದಿ ಕಾಣದಿದ್ದರೆ ಚೌಕಾಸಿ ಮಾಡಬೇಡಿ. ಆ ಕಾಣದ ಕೆಲಸಕ್ಕೂ ಒಬ್ಬರು ಕೂತು ಕಣ್ಣು ನೋಯಿಸಿಕೊಂಡಿದ್ದಾರೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ