ಒಂದೇ ಅಂಕಿ, ಎರಡು ಅರ್ಥ

ಹುಮನಾಬಾದ್ ತಾಲ್ಲೂಕಿನ ಹುಡಗಿಯಲ್ಲಿ ನೆರೆಮನೆಯ ಇಬ್ಬರು ತರುಣಿಯರು ರಕ್ತಪರೀಕ್ಷೆ ಮಾಡಿಸಿದರೆಂದು ಭಾವಿಸೋಣ. ಇಬ್ಬರ ಹಿಮೋಗ್ಲೋಬಿನ್ನೂ 10.5 ಗ್ರಾಂ. ಇಬ್ಬರಿಗೂ ಕಬ್ಬಿಣದ ಗುಳಿಗೆ ಸಾಕೆಂದು ಹಿರಿಯರು ತೀರ್ಮಾನಿಸುವುದು ಸಹಜ.

ಆದರೆ ವರದಿಯಲ್ಲಿ ಇನ್ನೆರಡು ಅಂಕಿಗಳಿವೆ. ಮೊದಲನೆಯವಳಿಗೆ ಕೆಂಪು ಕಣಗಳು ಘನ ಮಿಲಿಮೀಟರಿಗೆ 45 ಲಕ್ಷ. ಕಣದ ಸರಾಸರಿ ಗಾತ್ರ, ಅರ್ಥಾತ್ ಎಂ.ಸಿ.ವಿ., 74. ಎರಡನೆಯವಳಿಗೆ ಕಣಗಳು 56 ಲಕ್ಷ. ಗಾತ್ರ 60 ಮಾತ್ರ. ಸಾಧಾರಣವಾಗಿ ಈ ಗಾತ್ರ 80ರಿಂದ 100ರವರೆಗೆ ಇರುತ್ತದೆ.

ಕಬ್ಬಿಣದ ಕೊರತೆಯಲ್ಲಿ ಕಣಗಳು ಕಿರಿದಾಗುವುದರೊಡನೆ ಸಂಖ್ಯೆಯೂ ಕುಗ್ಗುವುದುಂಟು. ವಂಶಪಾರಂಪರ್ಯವಾಗಿ ಬರುವ ಬೀಟಾ ಥಲಸ್ಸೀಮಿಯಾದ ವಾಹಕರಲ್ಲಿ ಕಣ ಕಿರಿದಾದರೂ ಸಂಖ್ಯೆ ಸಾಮಾನ್ಯವಾಗಿ ಕುಗ್ಗದು. ಮೆಂಟ್ಜರ್ 1973ರಲ್ಲಿ ಸೂಚಿಸಿದ ಲೆಕ್ಕ ಸುಲಭ: ಗಾತ್ರವನ್ನು ಹತ್ತು ಲಕ್ಷಗಳಲ್ಲಿ ಎಣಿಸಿದ ಕಣಸಂಖ್ಯೆಯಿಂದ ಭಾಗಿಸಬೇಕು. ಭಾಗಲಬ್ಧ 13ಕ್ಕಿಂತ ಹೆಚ್ಚಾದರೆ ಕಬ್ಬಿಣದ ಕೊರತೆಯ ಶಂಕೆ, ಕಡಿಮೆಯಾದರೆ ಥಲಸ್ಸೀಮಿಯಾದ ಶಂಕೆ. ಮೊದಲನೆಯವಳದು 16.4, ಎರಡನೆಯವಳದು 10.7. ಇದು ಸುಳಿವೇ ಹೊರತು ತೀರ್ಪಲ್ಲ. ಫೆರಿಟಿನ್ ಮತ್ತು ಹಿಮೋಗ್ಲೋಬಿನ್ ಎ2 ಪರೀಕ್ಷೆಗಳಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು.

ವಾಹಕಳಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ಅವಳು ವರಿಸುವ ಸೋದರಮಾವನ ಮಗನೂ ವಾಹಕನಾಗಿದ್ದರೆ, ಪ್ರತಿ ಬಸಿರಿನಲ್ಲಿಯೂ ಮಗುವಿಗೆ ತೀವ್ರ ರೋಗ ತಗಲುವ ಸಂಭವ ನಾಲ್ಕರಲ್ಲೊಂದು. ಅಂಥ ಮಗುವಿಗೆ ಮತ್ತೆ ಮತ್ತೆ ರಕ್ತ ಕೊಡಿಸುತ್ತಲೇ ಇರಬೇಕಾದೀತು. ಜಾತಕ ನೋಡಿಸುವ ಮುನ್ನ ಆ ಹಾಳೆಯನ್ನು ವೈದ್ಯರಿಂದ ಪೂರ್ತಿ ಓದಿಸುವುದು ಲೇಸು.